ಕಂಬಳಿ ಹೊದ್ದ ಕಂಪ್ರೆಸರ್

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನೀವು ನಂಬುವುದಿಲ್ಲ. ಬೀದರಿನ ಚಿದ್ರಿಯಲ್ಲಿ ನಮ್ಮ ಓಣಿಯವರೇ ನಂಬಿಲ್ಲ, ಅವರಾದರೂ ಅರ್ಧ ಸಂಗತಿ ಕಣ್ಣಾರೆ ಕಂಡವರು. ಹೋದ ವರ್ಷದ ಬೇಸಿಗೆಯಲ್ಲಿ ನಾನು ಒಂದು ಸಲ ಸತ್ತೆ, ಒಂದು ಸಲ ಮಾಡೆಲಿಂಗ್ ಮಾಡಿ ಮನೆತನದ ಮಾನ ಕಳೆದೆ, ಕೊನೆಗೆ ಔರಾದ ಕಡೆಯ ಒಂದು ಹಳ್ಳಿಯಲ್ಲಿ ಕೂತು ಭವಿಷ್ಯ ನುಡಿದೆ. ಭವಿಷ್ಯ ಅಕ್ಷರಕ್ಕಕ್ಷರ ನಿಜವಾಯಿತು. ಅದರಿಂದ ಒಂದು ನೊಣಕ್ಕೂ ಉಪಯೋಗವಾಗಲಿಲ್ಲ.

ಮೊನ್ನೆ ಮೊದಲ ಮಳೆ ಬಿದ್ದಾಗ ನಮ್ಮ ಅಂಗಡಿ ಎದುರಿನ ಕಟ್ಟೆಯ ಮೇಲೆ ಯಾರೋ ಒಣಗಲು ಹಾಕಿದ್ದ ಕಂಬಳಿ ನೆನೆದುಹೋಯಿತು. ಒದ್ದೆ ಕಂಬಳಿಯ ವಾಸನೆ ಬಂದರೆ ಬೇರೆಯವರಿಗೆ ಮಳೆ, ಕುರಿ, ಅಜ್ಜಿಯ ಮಡಿಲು ನೆನಪಾಗುತ್ತವಂತೆ. ನನಗೆ ಕಂಪ್ರೆಸರ್ ನೆನಪಾಗುತ್ತದೆ. ಬೇಡವೆಂದರೂ ಆ ಬೇಸಿಗೆ ಪೂರ್ತಿ ಬಂದು ಎದುರಿಗೆ ಕೂತುಬಿಡುತ್ತದೆ.

ನನ್ನ ಹೆಸರು ಐಶ್ವರ್ಯಾ. ಅಷ್ಟುದ್ದ ಕರೆಯಲು ಬೀದರಿನಲ್ಲಿ ಯಾರಿಗೂ ಪುರುಸೊತ್ತಿಲ್ಲ, ಹಾಗಾಗಿ ಐಸು. ಅಪ್ಪನದು ಫ್ರಿಜ್ ರಿಪೇರಿ ಅಂಗಡಿ. ಫ್ರಿಜ್ಜಿನವನ ಮಗಳು ಐಸು ಎಂಬ ಜೋಕನ್ನು ಮೊದಲ ಸಲ ತಾನೇ ಮಾಡುತ್ತಿದ್ದೇನೆ ಅಂದುಕೊಂಡು ನಕ್ಕವರನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಮೈಲೂರಿನ ತನಕ ಹೋಗುತ್ತದೆ. ಅಂಗಡಿಯ ಹಿಂದೆ, ತಾಡಪತ್ರಿಯ ಕೆಳಗೆ, ಗಾಜಿನ ಮುಚ್ಚಳದ ಒಂದು ಉದ್ದನೆಯ ಪೆಟ್ಟಿಗೆ ಇದೆ. ದೂರದ ನೆಂಟರು ಬರುವ ತನಕ ಸತ್ತವರನ್ನು ಕೆಡದಂತೆ ಇಡುವ ಪೆಟ್ಟಿಗೆ. ಊರಿಗೆಲ್ಲ ಅದು ಫ್ರೀಜರ್ ಪೆಟ್ಟಿಗೆ, ನಮ್ಮ ಅವ್ವನಿಗೆ ಬರೀ ‘ಅದು’. ಅದರ ಮಗ್ಗುಲಿಗೆ ಅಂಗಡಿಯ ಹೆಸರು, ಅಪ್ಪನ ಫೋನ್ ನಂಬರು ಬರೆಸಿದ್ದೇವೆ. ಬರೆದವನು ಹೋಟೆಲ್ ಬೋರ್ಡು ಬರೆಯುವ ಪೇಂಟರ್. ಕೊನೆಗೆ ಜಾಗ ಉಳಿಯಿತೆಂದು ತನ್ನ ಕೈ ರೂಢಿಯಂತೆ ‘ಧನ್ಯವಾದ, ಮತ್ತೆ ಬನ್ನಿ’ ಎಂದೂ ಬರೆದುಬಿಟ್ಟಿದ್ದ. ಅಪ್ಪ ಅದರ ಮೇಲೆ ಬಿಳಿ ಬಣ್ಣ ಬಳಿಸಿದರು. ಆದರೂ ಸಂಜೆಯ ಓರೆ ಬಿಸಿಲು ಬಿದ್ದಾಗ ಅಕ್ಷರ ಕಾಣುತ್ತವೆ.

ನನ್ನ ಪಿಯುಸಿ ಪರೀಕ್ಷೆ ಮುಗಿದಿತ್ತು. ಭಾಲ್ಕಿಯಿಂದ ಸುಮಕ್ಕ ಬಂದಳು. ಸುಮಕ್ಕ ನಮ್ಮ ಸೋದರಮಾವನ ಮಗಳು, ಇಂಜಿನಿಯರಿಂಗ್ ಕೊನೆಯ ವರ್ಷ. ಒಂದು ಲ್ಯಾಪ್‌ಟಾಪು, ಕೂದಲಿನಷ್ಟು ತೆಳುವಾದ ತಂತಿಗಳ ಒಂದು ಗಂಟು, ಮುಖದ ತುಂಬ ಚಿಂತೆ. ಕಂಪ್ರೆಸರ್ ಎಷ್ಟು ಬಿಸಿಯಾಗುತ್ತದೆ ಎಂದು ಮುಟ್ಟದೆಯೇ, ಬರೀ ಲೆಕ್ಕದಿಂದ ಹೇಳುವುದು ಅವಳ ಪ್ರಾಜೆಕ್ಟು. ಲೆಕ್ಕ ಸರಿಯಿದೆಯೋ ಇಲ್ಲವೋ ನಿಜವಾದ ಬಿಸಿಲಿನಲ್ಲಿ, ನಿಜವಾದ ಯಂತ್ರದ ಮೇಲೆ ತಾಳೆ ನೋಡಿಕೊಂಡು ಬಾ ಎಂದು ಅವಳ ಮೇಷ್ಟ್ರು ಅಟ್ಟಿದ್ದರು. ಬಿಸಿಲಿಗೇನು, ಬೀದರಿನಲ್ಲಿ ಕೇಳಿದಷ್ಟು ಸಿಗುತ್ತದೆ.

ಫ್ರಿಜ್ಜಿನ ಹಿಂದೆ ಬಗ್ಗಿ ನೋಡಿದರೆ ಕರಿ ಗಡಿಗೆಯಂಥದೊಂದು ಕಾಣುತ್ತದಲ್ಲ, ಅದೇ ಕಂಪ್ರೆಸರ್. ಒಳಗೆ ಅನಿಲವನ್ನು ಹಿಂಡುತ್ತದೆ, ಹಿಂಡಿದ್ದಕ್ಕೆ ಬಿಸಿ. ಹಿಂಡುವ ಮೋಟರಿನದು ಮತ್ತೊಂದು ಬಿಸಿ. ಈ ಬಿಸಿಯನ್ನೆಲ್ಲ ಹೊರಗಿನ ಗಾಳಿ ಒಯ್ಯಬೇಕು. ಗಾಳಿ ಒಯ್ಯದಿದ್ದರೆ ಓವರ್‌ಲೋಡ್ ಎಂಬ ಸಣ್ಣ ಬಿಲ್ಲೆ ಟಕ್ ಎಂದು ಸಿಡಿದು ಕರೆಂಟ್ ಕಡಿಯುತ್ತದೆ. ಆರಿದ ಮೇಲೆ ಮತ್ತೆ ಶುರು. ನಮ್ಮ ಮೇ ತಿಂಗಳಲ್ಲಿ ಗಾಳಿಗೇ ಜ್ವರ ಇರುತ್ತದೆ, ಅದು ಇನ್ನೊಬ್ಬರ ಬಿಸಿ ಏನು ಒಯ್ದೀತು. ಸುಮಕ್ಕ ಈ ಗಡಿಗೆಯನ್ನು ಲೆಕ್ಕದಲ್ಲಿ ಹೋಳು ಮಾಡಿದ್ದಳು: ಮೋಟರ್ ಒಂದು, ಎಣ್ಣೆ ಒಂದು, ಹೊರಗಿನ ಚಿಪ್ಪು ಒಂದು. ಪ್ರತಿ ಹೋಳಿಗೂ ಎಷ್ಟು ಬಿಸಿ ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು. ಆಮೇಲೆ ಕಾಲದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ಅದೇ ಲೆಕ್ಕ. ಇಷ್ಟೇ. ಇದಕ್ಕೆ ನಾಲ್ಕು ವರ್ಷದ ಕಾಲೇಜು ಬೇಕಂತೆ.

ನಾನು ಒಂದೇ ಮಧ್ಯಾಹ್ನದಲ್ಲಿ ಕಲಿತೆ. ಒಂದು ವಾರ ಹಿಡಿಯಿತು ಎಂದು ಸುಮಕ್ಕ ಹೇಳುತ್ತಾಳೆ, ಅವಳಿಗೆ ಹೊಟ್ಟೆಕಿಚ್ಚು. ಮೊದಲ ಸಲ ಬೇಗ ಮುಗಿಯಲಿ ಎಂದು ಹೆಜ್ಜೆ ದೊಡ್ಡದು ಇಟ್ಟೆ. ಲೆಕ್ಕದಲ್ಲಿ ಕಂಪ್ರೆಸರ್ ಬೀದರ್ ಕೋಟೆ ಕರಗುವಷ್ಟು ಬಿಸಿಯಾಯಿತು, ಮರುಕ್ಷಣ ಹಿಮಾಲಯವೇ ನಡುಗುವಷ್ಟು ತಣ್ಣಗಾಯಿತು, ಅದರ ಮರುಕ್ಷಣ ಸೂರ್ಯನನ್ನು ಹಿಂದೆ ಹಾಕಿತು.

‘ಹೆಜ್ಜಿ ಸಣ್ದು ಇಡು ಐಸು,’ ಎಂದಳು ಸುಮಕ್ಕ. ‘ಇದೂ ನಿನ್ನಂಗೇ ಅದ. ಜಿಗದ್ರ ಬೀಳ್ತದ.’

ಇದಕ್ಕೆ ಅವಳ ಕಾಲೇಜಿನಲ್ಲಿ ಮಾಡೆಲಿಂಗ್ ಎನ್ನುತ್ತಾರೆ. ನಾನು ಸುಮ್ಮನಿರಬೇಕಿತ್ತು. ಕಿರಾಣಿ ಅಂಗಡಿಯಲ್ಲಿ ಯಾರೋ ರಜೆಯಲ್ಲಿ ಏನು ಮಾಡುತ್ತೀ ಎಂದು ಕೇಳಿದಾಗ, ಸುಮಕ್ಕನ ಜೊತೆ ಮಾಡೆಲಿಂಗ್ ಮಾಡುತ್ತೇನೆ ಎಂದೆ. ನಾನು ಸಕ್ಕರೆ ಹಿಡಿದು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಅವ್ವ ಲಟ್ಟಣಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಂಥಾ ಬಟ್ಟೆ ಹಾಕಿಕೊಂಡು ಮಾಡುತ್ತೀ ಎಂದು ಕೇಳಿದರು. ಚೂಡಿದಾರ ಎಂದೆ. ಫೋಟೋ ಯಾರು ತೆಗೆಯುತ್ತಾರೆ ಎಂದರು. ಫೋಟೋ ಇಲ್ಲ, ಕಂಪ್ರೆಸರಿನ ಗ್ರಾಫ್ ಇದೆ ಎಂದೆ. ಭಾಲ್ಕಿಗೆ ಫೋನ್ ಹೋಯಿತು, ಅಲ್ಲಿ ಸೋದರಮಾವ ಸುಮಕ್ಕನ ಪುಸ್ತಕ ತೆರೆದು ಹುಡುಕಿದರು. ಚಿತ್ರಗಳಲ್ಲಿ ಬರೀ ಗಡಿಗೆಗಳಿದ್ದದ್ದರಿಂದ ಮನೆತನ ಉಳಿಯಿತು.

ಇನ್ನು ಸತ್ತ ಸಂಗತಿ. ಪೆಟ್ಟಿಗೆಯ ಕಂಪ್ರೆಸರಿಗೆ ತಂತಿ ಅಂಟಿಸಿ, ಒಳಗೆ ನೀರು ತುಂಬಿದ ಕೊಡಗಳನ್ನಿಟ್ಟು ಓಡಿಸಿ ನೋಡುತ್ತಿದ್ದೆವು. ಹೊರಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಸುಮಕ್ಕ ಊಟಕ್ಕೆ ಹೋದಾಗ ನಾನು ಕೊಡಗಳನ್ನು ಹೊರಗಿಟ್ಟು, ಮುಚ್ಚಳಕ್ಕೆ ಕಟ್ಟಿಗೆ ಸಿಕ್ಕಿಸಿ, ಒಳಗೆ ಮಲಗಿದೆ. ಲೆಕ್ಕಕ್ಕೆ ನಿಜವಾದ ಭಾರ ಸಿಗಲಿ ಎಂದು. ಹಾಯಾಗಿತ್ತು, ನಿದ್ದೆ ಹತ್ತಿತು. ಪಕ್ಕದ ಮನೆಯ ಸುಗ್ರಾ ಖಾಲಾ ಹಾಲು ಕೊಡಲು ಬಂದು ಬಗ್ಗಿ ನೋಡಿದರು. ಅವರ ಕೂಗಿಗೆ ಎಚ್ಚೆತ್ತು ನಾನು ಎದ್ದು ಕೂತೆ. ಅದು ಇನ್ನೂ ಕೆಟ್ಟದ್ದಾಯಿತು. ಸಂಜೆಯ ತನಕ ಜನ ಮನೆಗೆ ಬರುತ್ತಲೇ ಇದ್ದರು. ಒಬ್ಬರು ಹಾರ ತಂದಿದ್ದರು, ನನ್ನನ್ನು ನೋಡಿ ಮುಖ ಬಾಡಿಸಿಕೊಂಡು ಹೋದರು. ಮೂರು ಓಣಿಯಾಚೆ ನಾನು ಈಗಲೂ ಸತ್ತೇ ಇದ್ದೇನೆ.

ತಿಂಗಳ ಕೊನೆಗೆ ನಮ್ಮ ಲೆಕ್ಕದ ಗೆರೆಯೂ ತಂತಿಗಳು ಹೇಳಿದ ಗೆರೆಯೂ ಒಂದರ ಮೇಲೊಂದು ಕೂತವು. ಸುಮಕ್ಕ ಅತ್ತಳು. ನಾನು ಅಪ್ಪನನ್ನು ಎಳೆದು ತಂದು ತೋರಿಸಿದೆ: ಎಂಥಾ ಬಿಸಿಲಿದ್ದರೂ ನಮ್ಮ ಪೆಟ್ಟಿಗೆ ಸೋಲುವುದಿಲ್ಲ, ಬರೆದಿಟ್ಟುಕೊಳ್ಳಿ. ಅಪ್ಪ ಗೆರೆ ನೋಡಿದರು, ನನ್ನನ್ನು ನೋಡಿದರು.

‘ಲೆಕ್ಕದಾಗ ಯಾವ ಪೆಟ್ಟಿಗಿ ಕೆಟ್ಟದವ್ವಾ ಇವತ್ತಿನ ತನಕ,’ ಎಂದರು.

ಆಮೇಲೆ ನಾನು ಓಣಿಯ ಜ್ಯೋತಿಷಿಯಾದೆ. ಗೋಡೆಗೆ ಅಂಟಿಸಿಟ್ಟ ಫ್ರಿಜ್ಜುಗಳನ್ನು ನೋಡಿ, ಇದು ಇಂಥಾ ಹೊತ್ತಿಗೆ ನಿಲ್ಲುತ್ತದೆ ಎಂದು ಹೇಳುವುದು, ಅದು ನಿಲ್ಲುವುದು. ಸುಗ್ರಾ ಖಾಲಾ ತಮ್ಮ ಫ್ರಿಜ್ಜಿಗೆ ಬುರ್ಖಾದಷ್ಟು ದೊಡ್ಡ ಪರದೆ ಹಾಕಿ ನನ್ನ ದೃಷ್ಟಿಯಿಂದ ಕಾಪಾಡಿದರು. ಪರದೆ ಹಾಕಿದ್ದಕ್ಕೆ ಅದು ಇನ್ನಷ್ಟು ಬೇಗ ನಿಂತಿತು. ಆಗ ನಾನು ನಕ್ಕೆ. ಆ ಪರದೆಯ ಬಗ್ಗೆ ಇನ್ನೊಂದು ಚೂರು ಯೋಚಿಸಬಹುದಿತ್ತು.

ಔರಾದ ದಾಟಿ ತೆಲಂಗಾಣದ ಗಡಿ ಕಡೆ ಒಂದು ಹಳ್ಳಿಯಿಂದ ಪೆಟ್ಟಿಗೆಗೆ ಕರೆ ಬಂತು. ಕಾಶೆಮ್ಮ ಎಂಬ ಮುದುಕಿ ತೀರಿಕೊಂಡಿದ್ದರು. ಕುರಿಗಾರರ ಮನೆ. ಒಬ್ಬನೇ ಮಗ ಮಾಳಪ್ಪ ಗಡಿಯಾಚೆ ಕುರಿ ಹಿಂಡಿನ ಜೊತೆ ಇದ್ದ. ಹಿಂಡು ಇವತ್ತು ಒಬ್ಬರ ಹೊಲದಲ್ಲಿ ಕೂತರೆ ನಾಳೆ ಮತ್ತೊಬ್ಬರ ಹೊಲದಲ್ಲಿ, ಅವನ ಫೋನು ಯಾವಾಗಲೂ ಆರಿರುತ್ತದೆ. ಹುಡುಕಲು ಊರಿನವರು ಇಬ್ಬರು ಬೈಕಿನಲ್ಲಿ ಹೋಗಿದ್ದರು. ಅಪ್ಪ, ಸುಮಕ್ಕ, ನಾನು ಟೆಂಪೋದಲ್ಲಿ ಪೆಟ್ಟಿಗೆ ಒಯ್ದೆವು. ಸುಮಕ್ಕನಿಗೆ ಅವಳ ಮೇಷ್ಟ್ರು ಕೇಳಿದ ನಿಜವಾದ ಪರೀಕ್ಷೆ, ನನಗೆ ನನ್ನ ಕೀರ್ತಿ ಹರಡುವ ಹೊಸ ತಾಲ್ಲೂಕು.

ಪೆಟ್ಟಿಗೆಯನ್ನು ಪಡಸಾಲೆಯಲ್ಲಿಟ್ಟು, ಮುದುಕಿಯನ್ನು ಒಳಗೆ ಮಲಗಿಸಿದ ಮೇಲೆ ಸೊಸೆ ಶಾಂತಾಬಾಯಿ ಅಪ್ಪನ ಹತ್ತಿರ ಬಂದಳು. ಅತ್ತು ಅವಳ ದನಿ ಕೂತಿತ್ತು.

‘ಅವರು ಬಂದು ಮಾರಿ ನೋಡೋತನಕ ಇಡ್ರಿ ಅಣ್ಣಾರ. ಅಷ್ಟಾದ್ರ ಸಾಕ್ರಿ.’

ಇರುತ್ತದೆ ಎಂದರು ಅಪ್ಪ. ಅಷ್ಟರಲ್ಲಿ ಭಾಲ್ಕಿಯ ಮದುವೆ ಮಂಟಪದಿಂದ ಫೋನು, ಐಸ್‌ಕ್ರೀಮಿನ ಫ್ರೀಜರ್ ನಿಂತಿದೆ, ಬೀಗರು ಊಟಕ್ಕೆ ಕೂರುತ್ತಿದ್ದಾರೆ ಎಂದು. ಸತ್ತವರು ಕಾಯುತ್ತಾರೆ, ಐಸ್‌ಕ್ರೀಮ್ ಕಾಯುವುದಿಲ್ಲ. ಅಪ್ಪ ಹೊರಡುವ ಮೊದಲು ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದು, ಯಂತ್ರ ನೋಡಿಕೊಳ್ಳಿ, ಗಾಳಿ ಸರಿಯಾಗಿ ಆಡುತ್ತಿರಲಿ ಎಂದರು. ಆಮೇಲೆ ನನ್ನ ಕಡೆ ಮಾತ್ರ ತಿರುಗಿದರು.

‘ಯಾರಿಗೂ ಎದುರು ಮಾತಾಡಬ್ಯಾಡ. ಸತ್ತ ಮನಿ ಅದ. ಅವರು ಹ್ಯಾಂಗಂತಾರ ಹಂಗ.’

ನಾವು ಹೆಂಗಸರ ನಡುವೆ ಗೋಡೆಗೊರಗಿ ಕೂತೆವು, ತೊಡೆಯ ಮೇಲೆ ಲ್ಯಾಪ್‌ಟಾಪು. ಅಳು ಶುರುವಾದಾಗ ಮುಚ್ಚುವುದು, ನಿಂತಾಗ ತೆಗೆಯುವುದು. ಪಕ್ಕದ ಮುದುಕಿಯೊಬ್ಬಳು ಅಳು ನಿಲ್ಲಿಸಿ, ಟಿವಿಯೇನೇ ತಂಗಿ ಎಂದು ಕೇಳಿದಳು. ಯಂತ್ರದ ಜ್ವರ ನೋಡುತ್ತಿದ್ದೇವೆ ಎಂದಳು ಸುಮಕ್ಕ. ಅಲ್ಲಿಂದ ಮುಂದೆ ನಾವು ಆಸ್ಪತ್ರೆಯವರಾದೆವು. ಒಬ್ಬಳು ತನ್ನ ಮೊಣಕಾಲು ತೋರಿಸಿದಳು. ಇನ್ನೊಬ್ಬಳು ಸೊಸೆಯನ್ನು ಕರೆತಂದು, ಈಕೆಗೆ ರಾತ್ರಿ ಮೈ ಬಿಸಿಯಾಗುತ್ತದೆ, ತಂತಿ ಹಚ್ಚಿ ನೋಡು ಎಂದಳು. ಕೆಂಪು ಗೆರೆ ಕಂಪ್ರೆಸರಿನದು, ನೀಲಿ ಗೆರೆ ಪೆಟ್ಟಿಗೆಯೊಳಗಿನದು. ಎರಡೂ ನಾವು ಹೇಳಿದಂತೆಯೇ ನಡೆಯುತ್ತಿದ್ದವು. ಹೊರಗೆ ಬಿಸಿಲು ತಗಡು ಬಡಿದಂತೆ ಬೀಳುತ್ತಿತ್ತು. ನಾನು ಗೆದ್ದೆ ಅಂದುಕೊಂಡೆ.

ಆಗ ಒಳಗಿನಿಂದ ಮುದುಕ ಬಂದರು. ಕಾಶೆಮ್ಮನ ಗಂಡ, ಊರಿಗೆಲ್ಲ ಮುತ್ಯಾ. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲವಂತೆ. ಅವರ ಹೆಗಲ ಮೇಲೆ ಕರಿ ಕಂಬಳಿ, ತಮ್ಮದೇ ಕುರಿಗಳ ಉಣ್ಣೆಯದು, ಅಂಚಿಗೆ ಬಿಳಿ ಗೆರೆ. ಅದನ್ನು ಬಿಚ್ಚಿ ಪೆಟ್ಟಿಗೆಯ ಮೇಲೆ ಹೊದಿಸಿದರು, ಮುಖದ ಮೇಲಿನ ಗಾಜಿನಷ್ಟು ಬಿಟ್ಟು. ಸುಕ್ಕು ಸವರಿದರು. ಕಾಲಿನ ಕಡೆ ಬಂದು ಮೊಣಕಾಲೂರಿ, ಉಳಿದ ಕಂಬಳಿಯನ್ನು ಎರಡು ಮಡಿಕೆ ಮಾಡಿ, ಮೂರೂ ಕಡೆಯಿಂದ ಒತ್ತಿ ಒತ್ತಿ ಸಿಕ್ಕಿಸಿದರು.

‘ಕಾಲು ತಣ್ಣಗಾಗ್ತಿದ್ವು ಆಕಿಗಿ,’ ಎಂದರು ಯಾರಿಗೋ. ‘ಬ್ಯಾಸಗ್ಯಾಗೂ ಹೊದಕೊಂಡೇ ಮಲಗ್ತಿದ್ಲು.’

ನಮ್ಮ ಪೆಟ್ಟಿಗೆಯಲ್ಲಿ ಯಂತ್ರ ಇರುವುದು ಕಾಲಿನ ಕಡೆ. ಅದು ಉಸಿರಾಡುವ ಜಾಲರಿ ಇರುವುದೂ ಅಲ್ಲೇ. ಇಡೀ ಪೆಟ್ಟಿಗೆಯಲ್ಲಿ ಮುಚ್ಚಬಾರದ ಜಾಗ ಅದೊಂದೇ.

ನನ್ನ ಬೆರಳು ತಾವಾಗಿಯೇ ಓಡಿದವು. ಲೆಕ್ಕದಲ್ಲಿ ಕಂಬಳಿ ಹಾಕಿದೆ: ದಪ್ಪ ಉಣ್ಣೆ, ಎರಡು ಮಡಿಕೆ, ಗಾಳಿ ಇಲ್ಲ. ಕೆಂಪು ಗೆರೆ ಗುಡ್ಡ ಹತ್ತಿತು. ಈಗ ಚಹಾ ಬರುತ್ತದೆ, ಚಹಾ ಕುಡಿದು ಕಪ್ಪು ಕೆಳಗಿಡುವಷ್ಟರಲ್ಲಿ ಟಕ್ ಅನ್ನುತ್ತದೆ ಎಂದು ಸುಮಕ್ಕನ ಕಿವಿಯಲ್ಲಿ ಹೇಳಿದೆ. ಚಹಾ ಬಂತು. ಯಾರಿಗೂ ಬೇಡವಾಗಿತ್ತು, ಎಲ್ಲರೂ ಕುಡಿದರು. ಕಪ್ಪು ಕೆಳಗಿಟ್ಟರು. ಟಕ್.

ನನ್ನ ಜೀವಮಾನದಲ್ಲಿ ಇಷ್ಟು ಸರಿಯಾಗಿ ನಾನು ಏನನ್ನೂ ಹೇಳಿರಲಿಲ್ಲ. ಚಪ್ಪಾಳೆ ತಟ್ಟಲು ಯಾರೂ ಇರಲಿಲ್ಲ.

ಸುಮಕ್ಕ ಎದ್ದು ಸೆರಗಿಲ್ಲದಿದ್ದರೂ ದುಪಟ್ಟಾ ತಲೆಗೆಳೆದುಕೊಂಡು ಮುತ್ಯಾನ ಎದುರು ನಿಂತಳು. ಯಂತ್ರಕ್ಕೆ ಸ್ವಲ್ಪ ಗಾಳಿ ಬೇಕು, ಕಾಲಿನ ಕಡೆ ಕಂಬಳಿ ಒಂದಿಷ್ಟು ಸರಿಸಲೇ ಎಂದು ಎಷ್ಟು ‘ರೀ’ ಹಚ್ಚಬಹುದೋ ಅಷ್ಟು ಹಚ್ಚಿ ಕೇಳಿದಳು.

‘ಯಂತ್ರಕ್ಕ ಗಾಳಿ ಬೇಕು, ಆಕಿಗಿ ಕಂಬಳಿ ಬೇಕು,’ ಎಂದರು ಮುತ್ಯಾ. ‘ಸತ್ತೋರು ಯಾರು ಇಲ್ಲಿ?’

ಸುಮಕ್ಕ ಬಂದು ಕೂತಳು. ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ ಎಂದಳು.

ನಾನು ಕಾಲು ಚಾಚಿದಂತೆ ಮಾಡಿ ಹೆಬ್ಬೆರಳಿನಿಂದ ಕಂಬಳಿಯ ಮೂಲೆ ಎತ್ತಿದೆ. ಮೊಣಕಾಲು ತೋರಿಸಿದ್ದ ಮುದುಕಿ ನನ್ನ ಕಾಲಿಗೆ ಏಟು ಕೊಟ್ಟು ಮತ್ತೆ ಸಿಕ್ಕಿಸಿದಳು, ಮೊದಲಿಗಿಂತ ಗಟ್ಟಿ. ಮೂಲೆಯಲ್ಲಿದ್ದ ಮೊರ ತಂದು ಜಾಲರಿಯ ಕಡೆ ಬೀಸಿದೆ. ಹೆಂಗಸರು ಇದು ಸೇವೆ ಎಂದು ತಿಳಿದು ಮೊರ ಇಸಿದುಕೊಂಡರು, ಒಬ್ಬರಾದ ಮೇಲೆ ಒಬ್ಬರು ಭಕ್ತಿಯಿಂದ ಬೀಸಿದರು. ಮುಖದ ಕಡೆಗೆ. ಊರಿನ ಹಿರಿಯರು ಹಾರ ತಂದರು. ತಲೆಯ ಕಡೆ ಜಾಗ ಇರಲಿಲ್ಲ, ಕಾಲಿನ ಕಡೆ ಹಾಕಿದರು. ನಾನು ಹಾರಗಳನ್ನೂ ಲೆಕ್ಕಕ್ಕೆ ಸೇರಿಸಿದೆ. ಕರೆಂಟು ಮಾತ್ರ ಅವತ್ತು ಒಮ್ಮೆಯೂ ಹೋಗಲಿಲ್ಲ. ಹೋಗಿದ್ದರೆ ಬೈಯಲು ಯಾರಾದರೂ ಸಿಗುತ್ತಿದ್ದರು.

ಕೊನೆಗೆ ಶಾಂತಾಬಾಯಿಯನ್ನು ಅಡುಗೆಮನೆಯ ಬಾಗಿಲಲ್ಲಿ ಹಿಡಿದೆ. ಎಲ್ಲ ಹೇಳಿದೆ. ಅವಳಿಗೆ ಸುಮಕ್ಕನ ಮೇಷ್ಟ್ರಿಗಿಂತ ಬೇಗ ತಿಳಿಯಿತು. ಕಣ್ಣು ಅಗಲ ಮಾಡಿ ಕಂಬಳಿಯ ಕಡೆ ನೋಡಿದಳು, ಅದರ ಮೇಲಿದ್ದ ಮುತ್ಯಾನ ಕೈ ನೋಡಿದಳು.

‘ಮಾವನವರ ಕೈ ಅದ ಅದರ ಮ್ಯಾಲ,’ ಎಂದಳು. ‘ನಾ ಹ್ಯಾಂಗ ತಗೀಲಿ ತಂಗಿ?’

ಆಮೇಲೆ ಅವಳು ಮಾಡಬಹುದಾದದ್ದನ್ನು ಮಾಡಿದಳು: ಹೋಗಿ ಹೋಗಿ ರಸ್ತೆಯ ತಿರುವಿನಲ್ಲಿ ನಿಂತು ಧೂಳು ಏಳುತ್ತದೆಯೇ ಎಂದು ನೋಡಿ ಬಂದಳು. ಪ್ರತಿ ಸಲ ಬಂದಾಗ ನನ್ನ ಮುಖ ನೋಡುತ್ತಿದ್ದಳು. ನಾನು ಲ್ಯಾಪ್‌ಟಾಪಿನ ಮುಖ ನೋಡುತ್ತಿದ್ದೆ. ಯಂತ್ರ ಆರಿ ಶುರುವಾಗುವುದು, ಟಕ್ ಎಂದು ನಿಲ್ಲುವುದು. ಪ್ರತಿ ಸಲ ಓಟ ಗಿಡ್ಡ, ವಿಶ್ರಾಂತಿ ಉದ್ದ. ಯಾವಾಗ ಎಂದು ಮೊದಲೇ ನನಗೆ ಗೊತ್ತಿರುತ್ತಿತ್ತು, ಗೊತ್ತಿದ್ದು ಕೂತಿರುತ್ತಿದ್ದೆ. ಓಣಿಯಲ್ಲಿ ಭವಿಷ್ಯ ಹೇಳುವಾಗ ಎಷ್ಟು ಮಜಾ ಇತ್ತು. ಅಲ್ಲಿ ನಿಲ್ಲುತ್ತಿದ್ದದ್ದು ಫ್ರಿಜ್ಜು, ಕೆಡುತ್ತಿದ್ದದ್ದು ಸೊಪ್ಪು.

ನೀರಿನ ಕೊಡದಲ್ಲಿ ಟವೆಲ್ ಅದ್ದಿ, ಕಂಬಳಿಯ ಕೆಳಗೆ ಕೈ ತೂರಿಸಿ, ಜಾಲರಿಯ ಸಂದಿನಿಂದ ಗಡಿಗೆಯ ನೆತ್ತಿಗೆ ಒತ್ತಿದೆ. ಚುಯ್ ಎಂದಿತು. ಕಂಬಳಿ ಅಂಚೂ ನೆನೆಯಿತು. ಒದ್ದೆ ಉಣ್ಣೆ, ಕಾದ ಎಣ್ಣೆ, ಚೆಂಡುಹೂವು, ಎಲ್ಲ ಕೂಡಿದ ಆ ವಾಸನೆ ಬಂದದ್ದು ಆಗ. ಟವೆಲ್ಲಿನಿಂದಾಗಿ ಕೆಂಪು ಗೆರೆ ಒಂದು ಗಳಿಗೆ ತಲೆ ತಗ್ಗಿಸಿತು, ಮತ್ತೆ ಎತ್ತಿತು. ನೀಲಿ ಗೆರೆಯೂ ಈಗ ನಿಧಾನಕ್ಕೆ ಏಳುತ್ತಿತ್ತು. ಮುಖದ ಗಾಜಿನ ಒಳಗೆ ಮೊದಲಿದ್ದ ಮಂಜಿಲ್ಲ.

ನನಗೆ ಬೇರೇನೂ ತೋಚಲಿಲ್ಲ. ಎದುರು ಮಾತಾಡಬೇಡ ಎಂದಿದ್ದರು ಅಪ್ಪ, ತೋರಿಸಬೇಡ ಎಂದಿರಲಿಲ್ಲ. ಲ್ಯಾಪ್‌ಟಾಪು ಎತ್ತಿಕೊಂಡು ಹೋಗಿ ಮುತ್ಯಾನ ಪಕ್ಕ ಕೂತೆ, ತೆರೆಯನ್ನು ಅವರ ಕಡೆ ತಿರುಗಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು.

‘ಈ ಕೆಂಪಂದು ಯಾರ್ದು?’

‘ಯಂತ್ರದ್ದು ಮುತ್ಯಾ. ಭಾಳ ಬಿಸಿ ಆಗ್ಯಾದ್ರಿ.’

‘ಈ ನೀಲಿ?’

‘ಅಮ್ಮನ ಕಡೀದು. ಪೆಟ್ಟಿಗಿ ಒಳಗಿಂದು.’

ಅವರು ನೀಲಿ ಗೆರೆಯ ಮೇಲೆ ಬೆರಳಿಟ್ಟು, ಅದು ಹೋದ ದಾರಿಯಲ್ಲೇ ಹೋದರು. ‘ಮ್ಯಾಲ ಹೊಂಟದಲ್ಲ?’

‘ಹೌದ್ರಿ,’ ಎಂದೆ. ತಿಳಿಯಿತು, ಅಂತೂ ತಿಳಿಯಿತು ಅಂದುಕೊಂಡೆ. ‘ಕಂಬಳಿ ಹಾಕಿದ್ಮ್ಯಾಲ ಮ್ಯಾಲ ಹೊಂಟದ್ರಿ.’

‘ಬೆಚ್ಚಗಾಗ್ಲಾಕತ್ತಾಳ,’ ಎಂದರು ಮುತ್ಯಾ. ಬೆಳಗಿನಿಂದ ಬಿಗಿದಿದ್ದ ಅವರ ಮುಖ ಸಡಿಲವಾಯಿತು. ಕಂಬಳಿಯನ್ನು ಇನ್ನೊಮ್ಮೆ ಸವರಿ, ನನ್ನ ಕಡೆ ತಿರುಗಿ, ‘ಒಳ್ಳೇದಾಯ್ತು ನೋಡವ್ವಾ, ತೋರ್ಸಿದಿ,’ ಎಂದರು.

ನಾನು ತೆರೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಟಕ್ ಎಂದಿತು. ನಾನು ಅದನ್ನು ಹೇಳಿರಲಿಲ್ಲ, ಹೇಳುವುದನ್ನೇ ಬಿಟ್ಟಿದ್ದೆ. ಶಾಂತಾಬಾಯಿ ಬಾಗಿಲಿಗೆ ಬಂದು, ಧೂಳು ಕಾಣುತ್ತಿದೆ, ಗಾಡಿ ಬರುತ್ತಿದೆ ಎಂದಳು. ಪಡಸಾಲೆಯಲ್ಲಿ ಎಲ್ಲರೂ ಎದ್ದು ನಿಂತರು. ಮುಖದ ಗಾಜನ್ನು ಅವಳು ತನ್ನ ಸೆರಗಿನಿಂದ ಒರೆಸಿದಳು.

ಒಳಗೆ ಬಂದದ್ದು ಅಪ್ಪ.

ಹೊಸ್ತಿಲಲ್ಲೇ ನಿಂತರು. ಒಂದು ಸಲ ವಾಸನೆ ಎಳೆದುಕೊಂಡರು, ಕಂಬಳಿ ನೋಡಿದರು, ನನ್ನ ಒದ್ದೆ ಕೈ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಚಪ್ಪಲಿ ಬಿಟ್ಟು ನೇರ ಮುತ್ಯಾನ ಎದುರು ಹೋಗಿ ಕೂತರು. ಹುಡುಕಲು ಹೋದವರಿಗೆ ಊರಿನ ಯಾವ ಫೋನೂ ಹತ್ತಿರಲಿಲ್ಲವಂತೆ, ಇಲ್ಲಿ ಟವರ್ ಸಿಗುವುದೇ ಅಪರೂಪ. ಕೊನೆಗೆ ಪೆಟ್ಟಿಗೆ ಬೇಕೆಂದು ಕರೆ ಮಾಡಿದ್ದ ಅಪ್ಪನ ನಂಬರಿಗೇ ಮಾಡಿದ್ದರು.

‘ಮಾಳಪ್ಪ ಸಿಕ್ಕಾನ್ರಿ,’ ಎಂದರು ಅಪ್ಪ. ‘ಬರಾಂಗಿಲ್ಲಂತ್ರಿ. ಕುರಿ ಈಯ್ಲಾಕತ್ತಾವಂತ, ಅರ್ಧಾ ಹಿಂಡು. ಬಿಟ್ಟು ಬಂದ್ರ ಒಂದು ಮರೀನೂ ಉಳಿಯಂಗಿಲ್ಲಂತ. ಅವ್ವನ್ನ ಕಾಯಿಸಬ್ಯಾಡ್ರಿ, ಮಣ್ಣು ಮಾಡ್ರಿ ಅಂದಾನ್ರಿ.’

ಶಾಂತಾಬಾಯಿ ನಿಂತಲ್ಲೇ ಕುಸಿದು ಕೂತಳು, ಗಾಜು ಒರೆಸಿದ ಸೆರಗು ಕೈಯಲ್ಲೇ ಇತ್ತು.

‘ಈಯ್ಲಾಕತ್ತಿದ್ರ ಬರಬಾರ್ದು,’ ಎಂದರು ಮುತ್ಯಾ. ‘ಬಂದಿದ್ರ ಆಕೀನೇ ಬೈತಿದ್ಲು.’

ಅಪ್ಪ ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತರು. ಜಾಲರಿಯ ಹಿಂದಿನ ಫ್ಯಾನು ತಿರುಗಿ ತಿರುಗಿ ನಿಂತಿತು. ಮುತ್ಯಾ ಎದ್ದು ಹಾರಗಳನ್ನು ಬದಿಗಿಟ್ಟು, ನಾವು ಯಾರೂ ಒಂದು ಬೆರಳಿನಷ್ಟು ಸರಿಸಲಾಗದಿದ್ದ ಆ ಕಂಬಳಿಯನ್ನು ತಾವೇ ಕಾಲಿನ ಕಡೆಯಿಂದ ಬಿಡಿಸಿ, ಮಡಚಿ, ಎದೆಗೆ ಹಿಡಿದುಕೊಂಡರು. ಕಾಶೆಮ್ಮನಿಗೇ ಸುತ್ತಲು. ಲ್ಯಾಪ್‌ಟಾಪಿನ ತೆರೆಯ ಮೇಲೆ ಕೆಂಪು ಗೆರೆ ಆ ಕ್ಷಣಕ್ಕೇ ಇಳಿಯತೊಡಗಿತು, ನಾವು ಲೆಕ್ಕ ಹಾಕಿದಂತೆಯೇ, ಕೂದಲೆಳೆಯಷ್ಟೂ ತಪ್ಪಿಲ್ಲದೆ. ಹೆಂಗಸರು ಮುಚ್ಚಳ ತೆಗೆದು ಕಾಶೆಮ್ಮನನ್ನು ಹೊರಗೆತ್ತಿಕೊಂಡರು.

‘ಐಸು,’ ಎಂದರು ಅಪ್ಪ ನನ್ನ ಕಡೆ ನೋಡದೆ. ‘ಮುಚ್ಚು ಅದನ್ನ.’

ಪೆಟ್ಟಿಗೆಯ ಮುಚ್ಚಳವೋ ಲ್ಯಾಪ್‌ಟಾಪೋ ನನಗೆ ಗೊತ್ತಾಗಲಿಲ್ಲ. ಕೈಯಲ್ಲಿದ್ದದ್ದನ್ನು ಮುಚ್ಚಿದೆ.